ರೆಸಿನ್ ಪಾಟ್‌ಗೆ ಮೊದಲು ನೀರು ತುಂಬಿಸಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಲ್ಲೇ ರೆಸಿನ್ ಕೆಲಸ, ಅಂದರೆ ಅಚ್ಚಿಗೆ ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವದ ಕೆಲಸ, ಮಾಡುವವರು ಈಗ ಸಾಕಷ್ಟು ಜನ ಇದ್ದಾರೆ. ಕೀ ಚೈನು, ಕಿವಿಯೋಲೆ, ಪೆನ್ನು, ಮದುವೆ ಹಾರದ ಫ್ರೇಮು. ನನ್ನ ವರ್ಕ್‌ಶಾಪ್‌ಗೆ ಬಂದವರು ಮೊದಲು ಕೇಳುವುದು ಗುಳ್ಳೆ ಹೇಗೆ ಹೋಗಿಸಬೇಕು ಅಂತ. ಸುರಿದ ಅಚ್ಚನ್ನು ಪ್ರೆಶರ್ ಪಾಟ್‌ನಲ್ಲಿ, ಅಂದರೆ ಕಂಪ್ರೆಸರ್‌ನಿಂದ ಗಾಳಿ ತುಂಬಿಸುವ ಬಿಗಿ ಮುಚ್ಚಳದ ಪಾತ್ರೆಯಲ್ಲಿ, ಗಟ್ಟಿಯಾಗುವವರೆಗೆ ಇಡಿ ಅನ್ನುತ್ತೇನೆ. ಅದು ಮುಗಿಯುತ್ತಲೇ ಎರಡನೇ ಪ್ರಶ್ನೆ ಬರುತ್ತದೆ. "ಅಣ್ಣಾರ, ಮನ್ಯಾಗ ಹಳೇ ಕುಕ್ಕರ್ ಐತಿ, ಅದಕ್ಕ ಗಾಳಿ ಹೊಡದ್ರ ನಡಿಯಂಗಿಲ್ಲೇನ್ರಿ?"

ನಡೆಯುವುದಿಲ್ಲ. ಕುಕ್ಕರ್ ಸೀಟಿ ಹೊಡೆಯುವುದು ಸುಮಾರು 15 ಪಿಎಸ್‌ಐ ಒತ್ತಡಕ್ಕೆ. ರೆಸಿನ್‌ಗೆ ನಾವು ಇಡುವುದು 40 ಪಿಎಸ್‌ಐ. ಅಷ್ಟು ನಿಲ್ಲಬೇಕಾದರೆ ವೇಟ್ ಇರುವ ತೂತು ಮುಚ್ಚಬೇಕು, ಸೇಫ್ಟಿ ವಾಲ್ವ್‌ನೂ ಮುಚ್ಚಬೇಕು. ಜೀವ ಉಳಿಸೋಕೆ ಇಟ್ಟಿದ್ದನ್ನೇ ಕೈಯಾರೆ ಮುಚ್ಚಿದ ಹಾಗಾಯಿತು, ಅಲ್ವಾ? ಪಿವಿಸಿ ಪೈಪ್‌ಗೆ ಎರಡೂ ಕಡೆ ಎಂಡ್ ಕ್ಯಾಪ್ ಹಾಕಿ ಮಾಡುವವರೂ ಇದ್ದಾರೆ. ಅದಂತೂ ಬೇಡವೇ ಬೇಡ. ಪಿವಿಸಿ ಗಾಳಿ ಒತ್ತಡಕ್ಕೆ ಒಡೆದರೆ ಗಾಜಿನ ಹಾಗೆ ಚೂರು ಚೂರಾಗಿ ಹಾರುತ್ತದೆ. ವ್ಯಾಕ್ಯೂಮ್ ಚೇಂಬರ್ (ಒಳಗಿನ ಗಾಳಿಯನ್ನು ಹೊರಗೆಳೆಯುವ ಪಾತ್ರೆ) ಇದ್ದವರು ಅದಕ್ಕೇ ಕಂಪ್ರೆಸರ್ ಜೋಡಿಸಲು ಹೋಗಬೇಡಿ. ಅದರ ಅಕ್ರಿಲಿಕ್ ಮುಚ್ಚಳವನ್ನು ಹಿಡಿದಿರುವುದು ಹೊರಗಿನ ಗಾಳಿ. ಒಳಗಿನಿಂದ ನೂಕಿದರೆ ಅದಕ್ಕೆ ಹಿಡಿತವೇ ಇಲ್ಲ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಹುಬ್ಬಳ್ಳಿ ವಾಲ್ವ್ ಮಾಡುವ ಊರು. ಗೋಕುಲ ರೋಡ್, ತಾರಿಹಾಳ ಕಡೆ ಹೋದರೆ ವಾಲ್ವ್ ಕೆಲಸ ಗೊತ್ತಿರುವವರು ಓಣಿಗೊಬ್ಬರು ಸಿಗುತ್ತಾರೆ. ನಾನೂ ವರ್ಷಗಟ್ಟಲೆ ಟೆಸ್ಟಿಂಗ್ ಬೆಂಚಿನ ಮುಂದೆ ನಿಂತವನು. ಅಲ್ಲಿ ಕಲಿತ ಮೊದಲ ಪಾಠ, ಒತ್ತಡ ತಡೆಯಬೇಕಾದ ಯಾವ ವಸ್ತುವನ್ನೂ ಮೊದಲು ನೀರಿನಲ್ಲಿ ಪರೀಕ್ಷೆ ಮಾಡದೆ ಬಿಡಬಾರದು.

ಈಗ ಪಾಟ್ ಏನು ಮಾಡುತ್ತದೆ ನೋಡೋಣ. ಅದು ಗುಳ್ಳೆಯನ್ನು ಹೊರಗೆ ತೆಗೆಯುವುದಿಲ್ಲ, ಹಿಂಡುತ್ತದೆ. ಗೇಜ್‌ನಲ್ಲಿ 40 ಪಿಎಸ್‌ಐ ಇದ್ದಾಗ ಒಳಗಿನ ಒಟ್ಟು ಒತ್ತಡ ಹೊರಗಿನ ಗಾಳಿಯ ಸುಮಾರು ನಾಲ್ಕು ಪಟ್ಟು. ಹಾಗಾಗಿ ಗುಳ್ಳೆಯ ಗಾತ್ರ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ, 1 ಮಿಲಿಮೀಟರ್ ಅಗಲದ ಗುಳ್ಳೆ ನಾಲ್ಕನೇ ಒಂದಾದರೂ ಅದರ ಅಗಲ ಇನ್ನೂ 0.6 ಮಿಲಿಮೀಟರ್ ಮೇಲೆಯೇ ಇರುತ್ತದೆ. ಕಣ್ಣಿಗೆ ಕಾಣುವಷ್ಟು! ಹಾಗಾದರೆ ಪಾಟ್‌ನಿಂದ ತೆಗೆದ ತುಂಡು ಗಾಜಿನ ಹಾಗೆ ತಿಳಿಯಾಗಿರುವುದು ಹೇಗೆ? ಒತ್ತಡ ಇದ್ದಾಗ ಆ ಗಾಳಿ ನಿಧಾನವಾಗಿ ರೆಸಿನ್‌ನಲ್ಲೇ ಕರಗುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಬೇಗ ಕರಗುತ್ತದೆ.

ಗೋಲಿ ಸೋಡಾ ಕುಡಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಗೋಲಿ ಬಾಯಿಗೆ ಕೂತಿರುವವರೆಗೆ ಒಳಗಿನ ನೀರು ತಣ್ಣಗೆ, ತಿಳಿಯಾಗಿ ಕಾಣುತ್ತದೆ. ಒತ್ತಿದ ಕೂಡಲೇ ಬುಸ್ ಅಂತ ಗುಳ್ಳೆ ಏಳುತ್ತದೆ. ರೆಸಿನ್ ಗಟ್ಟಿಯಾಗುವ ಮೊದಲೇ ಪಾಟ್ ತೆರೆದರೂ ಅದೇ ಗತಿ. ಆದ್ದರಿಂದ ಒತ್ತಡ ಎಷ್ಟು ಅನ್ನುವುದಕ್ಕಿಂತ ಎಷ್ಟು ಹೊತ್ತು ಒಂದೇ ಸಮ ನಿಲ್ಲುತ್ತದೆ ಅನ್ನುವುದು ಮುಖ್ಯ. ದುಡ್ಡು ಹಾಕುವುದಿದ್ದರೆ ದೊಡ್ಡ ಕಂಪ್ರೆಸರ್‌ಗೆ ಹಾಕಬೇಡಿ, ಸೋರದ ಪಾಟ್‌ಗೆ ಹಾಕಿ. ಒಂದು ಎಚ್‌ಪಿಯ ಸಣ್ಣ ಕಂಪ್ರೆಸರ್ ಸಾಕು. ಪಾಟ್ ಬಿಗಿಯಾಗಿದ್ದರೆ ಒಮ್ಮೆ ತುಂಬಿಸಿ ಕಂಪ್ರೆಸರ್ ಆಫ್ ಮಾಡಬಹುದು, ಮಧ್ಯರಾತ್ರಿ ಕರೆಂಟ್ ಹೋದರೂ ನಿಮ್ಮ ಎರಕಕ್ಕೆ ಏನೂ ಆಗುವುದಿಲ್ಲ.

ಪಾಟ್ ಅಂದರೆ ಪೇಂಟಿಂಗ್ ಕೆಲಸದವರು ಬಳಸುವ 10 ಲೀಟರ್‌ನ ಪ್ರೆಶರ್ ಟ್ಯಾಂಕ್. ಅದರ ಮೇಲೆ ಗರಿಷ್ಠ ಒತ್ತಡ ಎಷ್ಟು ಅಂತ ಅಚ್ಚು ಹಾಕಿರಬೇಕು. ಹಾಕಿಲ್ಲವಾದರೆ ಅದನ್ನು ಕೊಳ್ಳಲೇಬೇಡಿ. 60 ಪಿಎಸ್‌ಐ ಅಂತ ಇದ್ದರೆ ನೀವು 40ರಲ್ಲಿ ಕೆಲಸ ಮಾಡಿ, ಸೇಫ್ಟಿ ವಾಲ್ವ್ 50ಕ್ಕೆ ತೆರೆದುಕೊಳ್ಳುವಂಥದ್ದು ಇರಲಿ. ಒಳಗೆ ಬಣ್ಣ ಎಳೆಯುವ ಉದ್ದನೆ ಪೈಪ್ ಇರುತ್ತದೆ, ಅದನ್ನು ಬಿಚ್ಚಿ ಬಣ್ಣ ಹೊರಹೋಗುವ ತೂತಿಗೆ ಪ್ಲಗ್ ಹಾಕಿ. ಗಾಳಿ ಒಳಬರುವ ಕಡೆ ಒತ್ತಡವನ್ನು ಬೇಕಾದಷ್ಟಕ್ಕೇ ಇಡುವ ರೆಗ್ಯುಲೇಟರ್, ಅದಾದ ಮೇಲೆ ಬಾಲ್ ವಾಲ್ವ್. ಗಾಳಿ ಬಿಡಲು ಇನ್ನೊಂದು ಬಾಲ್ ವಾಲ್ವ್, ಅದರ ತುದಿಗೆ ಸೈಲೆನ್ಸರ್. ಥ್ರೆಡ್‌ಗೆಲ್ಲ ಟೆಫ್ಲಾನ್ ಟೇಪ್ ಸುತ್ತಿ. ತೂತು ಸಾಲದಿದ್ದರೆ ಮುಚ್ಚಳಕ್ಕೆ ಹೊಸದಾಗಿ ಡ್ರಿಲ್ ಮಾಡಬೇಡಿ, ಇರುವ ತೂತಿಗೇ ಮೂರು ಬಾಯಿಯ ಟೀ ಫಿಟ್ಟಿಂಗ್ ಹಾಕಿ ಎರಡು ಮಾಡಿಕೊಳ್ಳಿ. ರೆಗ್ಯುಲೇಟರ್ ಇಲ್ಲದೆ ನೇರವಾಗಿ ಜೋಡಿಸಿದರೆ ಏನಾಗುತ್ತದೆ ಗೊತ್ತಾ? ಸಾಮಾನ್ಯ ಕಂಪ್ರೆಸರ್ ಕಟ್ ಆಫ್ ಆಗುವುದು 8 ಬಾರ್‌ಗೆ, ಅಂದರೆ 115 ಪಿಎಸ್‌ಐ ದಾಟಿದ ಮೇಲೆ.

ಮುಚ್ಚಳದ ಮೇಲಿನ ಭಾರವನ್ನು ಒಮ್ಮೆ ನೀವೇ ಲೆಕ್ಕ ಮಾಡಿ. 24 ಸೆಂಟಿಮೀಟರ್ ಅಗಲದ ಮುಚ್ಚಳ ಅಂದರೆ ಸುಮಾರು 450 ಚದರ ಸೆಂಟಿಮೀಟರ್. 40 ಪಿಎಸ್‌ಐ ಅಂದರೆ ಪ್ರತಿ ಚದರ ಸೆಂಟಿಮೀಟರ್‌ಗೆ 2.8 ಕೆಜಿ. ಗುಣಿಸಿದರೆ 1,260 ಕೆಜಿ ಆಗುತ್ತದೆ. 25 ಸಿಮೆಂಟ್ ಚೀಲದ ಭಾರ ಆ ಮುಚ್ಚಳವನ್ನು ಒಳಗಿನಿಂದ ಮೇಲಕ್ಕೆ ನೂಕುತ್ತಿರುತ್ತದೆ. ಅದನ್ನು ಹಿಡಿದಿರುವುದು ನಾಲ್ಕೋ ಆರೋ ಕ್ಲ್ಯಾಂಪ್. ಅದಕ್ಕೇ ಎದುರುಬದುರಿನ ಕ್ಲ್ಯಾಂಪ್‌ಗಳನ್ನು ಜೋಡಿಯಾಗಿ, ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ. ಒಂದು ಕಡೆಯಿಂದ ಸುತ್ತಾಗಿ ಬಿಗಿದರೆ ಮುಚ್ಚಳ ಓರೆಯಾಗಿ ಕೂರುತ್ತದೆ.

ಇನ್ನು ನೀರಿನ ಪರೀಕ್ಷೆ. ನಾನು ಮೊದಲ ಪಾಟ್ ತಂದಿದ್ದು ಸೆಕೆಂಡ್ ಹ್ಯಾಂಡ್. ನೋಡಲು ಚೆನ್ನಾಗಿತ್ತು, ಗ್ಯಾಸ್ಕೆಟ್ ಹೊಸದಿತ್ತು. ಅಂಚಿನವರೆಗೆ ನೀರು ತುಂಬಿ, ಒಳಗೆ ಗಾಳಿ ಉಳಿಯದ ಹಾಗೆ ಮುಚ್ಚಿ, ಪ್ಲಂಬರ್‌ಗಳು ಪೈಪ್‌ಲೈನ್ ಟೆಸ್ಟ್ ಮಾಡುವ ಕೈಪಂಪ್ ತಂದು ಜೋಡಿಸಿದೆ. 30, 40, 45. ಮುಳ್ಳು 50ಕ್ಕೆ ಬಂತು. ಸೇಫ್ಟಿ ವಾಲ್ವ್ ಅಲ್ಲಿ ತೆರೆಯಬೇಕಿತ್ತು, ತೆರೆಯಲಿಲ್ಲ. 55. ಆಗಲೂ ಇಲ್ಲ. ನಿಲ್ಲಿಸಿ, ನೀರು ಬಿಟ್ಟು, ವಾಲ್ವ್ ಬಿಚ್ಚಿ ನೋಡಿದರೆ ಒಳಗಿನ ಸ್ಪ್ರಿಂಗ್ ಸುತ್ತ ನೀಲಿ ಬಣ್ಣ ಕಲ್ಲಿನ ಹಾಗೆ ಒಣಗಿ ಕೂತಿತ್ತು. ಉಗುರು ಹಾಕಿ ಕೆರೆದರೂ ಏಳಲಿಲ್ಲ. ಅದೇ ಪಾಟ್‌ಗೆ ನಾನು ಸೀದಾ ಗಾಳಿ ತುಂಬಿಸಿ, ರೆಗ್ಯುಲೇಟರ್ ಕೆಟ್ಟಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆದರೆ ಮೈ ಜುಮ್ ಅನ್ನುತ್ತದೆ.

ನೀರೇ ಯಾಕೆ ಅಂದರೆ, ನೀರನ್ನು ಹಿಂಡಲು ಬರುವುದಿಲ್ಲ. ಪಾಟ್ ಬಿರುಕು ಬಿಟ್ಟರೆ ಚಿಳ್ ಅಂತ ಒಂದಿಷ್ಟು ನೀರು ಚಿಮ್ಮಿ, ಮುಳ್ಳು ಸೊನ್ನೆಗೆ ಬೀಳುತ್ತದೆ, ಅಷ್ಟೇ. ಗಾಳಿ ಹಾಗಲ್ಲ, ಹಿಂಡಿದ ಸ್ಪ್ರಿಂಗ್ ಇದ್ದ ಹಾಗೆ, ಬಿಟ್ಟ ಕೂಡಲೇ ಮುಚ್ಚಳವನ್ನೇ ಎತ್ತಿ ಒಗೆಯುತ್ತದೆ. ಸೇಫ್ಟಿ ವಾಲ್ವ್ 50ರಲ್ಲಿ ತೆರೆಯುವುದನ್ನು ಕಣ್ಣಾರೆ ನೋಡಿ. ಆಮೇಲೆ ಅದನ್ನು ಬಿಚ್ಚಿ ಆ ಜಾಗಕ್ಕೆ ಪ್ಲಗ್ ಹಾಕಿ, ಕೆಲಸದ ಒತ್ತಡದ ಒಂದೂವರೆ ಪಟ್ಟು, ಅಂದರೆ 60ಕ್ಕೆ ಏರಿಸಿ ಅರ್ಧ ಗಂಟೆ ಬಿಡಿ. ಮುಗಿದ ಮೇಲೆ ಮರೆಯದೆ ವಾಲ್ವ್ ವಾಪಸ್ ಹಾಕಿ. ಇದನ್ನು ಎರಡು ಸಲ ಓದಿಕೊಳ್ಳಿ, ಯಾಕೆಂದರೆ ಪ್ಲಗ್ ಹಾಗೇ ಉಳಿಸಿಕೊಂಡು ಗಾಳಿ ತುಂಬುವುದು ಎಲ್ಲಕ್ಕಿಂತ ಅಪಾಯದ ತಪ್ಪು.

ನೀರಿನಲ್ಲಿ ಪಾಸಾದ ಮೇಲೆ ಗಾಳಿ. 40ಕ್ಕೆ ತುಂಬಿಸಿ, ಬಾಲ್ ವಾಲ್ವ್ ಮುಚ್ಚಿ, ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ. ಪಂಕ್ಚರ್ ತೆಗೆಯುವವರು ಮಾಡುವುದೂ ಇದನ್ನೇ. ರಾತ್ರಿ ಪೂರ್ತಿ ಹಾಗೇ ಬಿಟ್ಟು ಬೆಳಿಗ್ಗೆ ನೋಡಿ. ಧಾರವಾಡದ ಚಳಿಗಾಲದಲ್ಲಿ ಮುಳ್ಳು ಒಂದೆರಡು ಪಿಎಸ್‌ಐ ಇಳಿದಿದ್ದರೆ ಗಾಬರಿ ಬೇಡ, ಗಾಳಿ ತಣ್ಣಗಾದರೆ ಒತ್ತಡ ಇಳಿಯುವುದು ಸಹಜ. ಬಿಸಿಲೇರಿದ ಮೇಲೆ ಮುಳ್ಳು ವಾಪಸ್ ಏರದಿದ್ದರೆ ಅದು ಸೋರಿಕೆ.

ಧಾರವಾಡದಿಂದ ಒಬ್ಬ ತಂಗಿ ಕೀ ಚೈನ್ ತಂದು ತೋರಿಸಿದಳು. ಒಳಗೆ ಒಂದೂ ಗುಳ್ಳೆ ಇಲ್ಲ, ಆದರೆ ಮೇಲೆಲ್ಲ ಬೆವರುಸಾಲೆ ಎದ್ದ ಹಾಗೆ ಸಣ್ಣ ಸಣ್ಣ ಬೊಕ್ಕೆ. "ಪಾಟ್ ಕೆಟ್ಟೈತೇನ್ರಿ ಅಣ್ಣಾ?" ಅಂದಳು. ಪಾಟ್ ಸರಿಯಾಗಿಯೇ ಇತ್ತು. ತಪ್ಪು ಅಚ್ಚಿನದು. ಸಿಲಿಕೋನ್ ಅಚ್ಚು ಮಾಡುವಾಗ ಅದರ ಗೋಡೆಯೊಳಗೆ ಗಾಳಿ ಉಳಿದಿತ್ತು. ಪಾಟ್‌ನಲ್ಲಿ ಆ ಗಾಳಿಯೂ ಕುಗ್ಗಿತು, ಅಲ್ಲಿ ಸಿಲಿಕೋನ್ ಒಳಕ್ಕೆ ಕುಸಿಯಿತು, ಆ ಗುಂಡಿಗೆ ರೆಸಿನ್ ಇಳಿದು ಬೊಕ್ಕೆಯಾಯಿತು. ಪಾಟ್‌ನಲ್ಲಿ ಬಳಸುವ ಅಚ್ಚನ್ನು ಪಾಟ್‌ನಲ್ಲೇ, ಅದೇ ಒತ್ತಡದಲ್ಲಿ ಗಟ್ಟಿ ಮಾಡಿಕೊಳ್ಳಿ. ಇಲ್ಲವೇ ಸಿಲಿಕೋನ್ ಸುರಿಯುವ ಮೊದಲು ವ್ಯಾಕ್ಯೂಮ್‌ನಲ್ಲಿ ಅದರ ಗಾಳಿ ತೆಗೆಯಿರಿ. ಅಂಗಡಿಯಲ್ಲಿ ಸಿಗುವ ಅಚ್ಚುಗಳಲ್ಲಿ ಈ ತೊಂದರೆ ಆಗಾಗ ಕಂಡಿದ್ದೇನೆ.

ಮಳೆಗಾಲದಲ್ಲಿ ಇನ್ನೊಂದು ತಲೆನೋವು. ಕಂಪ್ರೆಸರ್ ಗಾಳಿಯ ಜೊತೆ ನೀರೂ ಬರುತ್ತದೆ. ಎಪಾಕ್ಸಿ ಜಾತಿಯ ರೆಸಿನ್ ಸ್ವಲ್ಪ ತಡೆದುಕೊಳ್ಳುತ್ತದೆ, ಆದರೆ ಪಾಲಿಯುರೆಥೇನ್ ರೆಸಿನ್‌ಗೆ ನೀರು ತಾಗಿದರೆ ರಾಸಾಯನಿಕ ಕ್ರಿಯೆಯಾಗಿ ಇಂಗಾಲದ ಡೈಆಕ್ಸೈಡ್ ಹುಟ್ಟಿ ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ. ಲೈನ್‌ಗೆ ಒಂದು ನೀರು ಹಿಡಿಯುವ ಫಿಲ್ಟರ್ ಹಾಕಿ, ಕೆಲಸ ಶುರುವಾಗುವ ಮೊದಲು ಕಂಪ್ರೆಸರ್ ಟ್ಯಾಂಕ್‌ನ ಕೆಳಗಿನ ನೀರು ಬಿಡಿ. ಮರದ ತುಂಡು ಹಾಕಿ ಪೆನ್ ಮಾಡುವವರು ಆ ಮರವನ್ನೂ ಚೆನ್ನಾಗಿ ಒಣಗಿಸಿರಬೇಕು.

ಮದುವೆ ಹಾರದ ದೊಡ್ಡ ಫ್ರೇಮ್ ಮಾಡುವವರಿಗೆ ಮಾತ್ರ ಪಾಟ್ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಫ್ರೇಮು ಅದರೊಳಗೆ ಹಿಡಿಸುವುದಿಲ್ಲ, ಒಣಗಿದ ಹೂವಿನೊಳಗೆ ರೆಸಿನ್ ನುಗ್ಗಿ ಬಣ್ಣ ಮಂಕಾಗುವುದೂ ಉಂಟು. ತೆಳುವಾಗಿ ಪದರ ಪದರ ಸುರಿದು, ಹೀಟ್ ಗನ್ ಆಡಿಸಿದರೆ ಸಾಕು.

ಎಷ್ಟು ಹೊತ್ತು ಇಡಬೇಕು? ಡಬ್ಬಿಯ ಮೇಲೆ ಬರೆದಷ್ಟು. ಎಪಾಕ್ಸಿ ಆದರೆ ಒಂದು ದಿನ, ದಪ್ಪ ಎರಕದ್ದಾದರೆ ಇನ್ನೂ ಜಾಸ್ತಿ. ಕಲಸಿದ ಕಪ್‌ನಲ್ಲಿ ಉಳಿದ ರೆಸಿನ್ ಹೊರಗೆ ಇಟ್ಟಿರಿ. ತೆಳುವಾಗಿ ಉಳಿದದ್ದು ನಿಧಾನವಾಗಿ ಗಟ್ಟಿಯಾಗುತ್ತದೆ, ಹಾಗಾಗಿ ಅದಕ್ಕೆ ಉಗುರು ಇಳಿಯದಿದ್ದರೆ ಪಾಟ್ ಒಳಗಿನದೂ ಆಗಿರುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಪಾಲಿಯುರೆಥೇನ್ ಆದರೆ ಮೊದಲು ಖಾಲಿ ಅಚ್ಚು ಇಟ್ಟು, ಮುಚ್ಚಿ, ಕ್ಲ್ಯಾಂಪ್ ಬಿಗಿದು ನಿಮಗೆ ಎಷ್ಟು ಸಮಯ ಬೇಕು ಅಂತ ನೋಡಿಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ಆ ಐದು ನಿಮಿಷವೂ ಸಿಗುವುದಿಲ್ಲ. ನೈಟ್ರೈಲ್ ಕೈಗವಸು, ಕನ್ನಡಕ ಇರಲಿ, ಕಿಟಕಿ ತೆರೆದಿರಲಿ. ಬಟ್ಟೆ ಮಾಸ್ಕ್ ರೆಸಿನ್ ಹೊಗೆಯನ್ನು ತಡೆಯುವುದಿಲ್ಲ, ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು.

ತೆರೆಯುವಾಗ ಮುಖವನ್ನು ಮುಚ್ಚಳದ ಮೇಲೆ ತರಬೇಡಿ. ಗಾಳಿ ನಿಧಾನವಾಗಿ ಬಿಡಿ. ಮುಳ್ಳು ಸೊನ್ನೆಗೆ ಬಂದರೂ ಅದನ್ನೇ ನಂಬಬೇಡಿ, ಗೇಜ್ ಕೆಟ್ಟಿರಬಹುದು. ಗಾಳಿ ಬಿಡುವ ಬಾಲ್ ವಾಲ್ವ್ ಪೂರ್ತಿ ತೆರೆದು, ಸದ್ದು ನಿಂತ ಮೇಲೆ ಕ್ಲ್ಯಾಂಪ್ ಸಡಿಲಿಸಿ. ಗ್ಯಾಸ್ಕೆಟ್ ಮೇಲೆ ಬಿದ್ದ ರೆಸಿನ್ ಹನಿ ಅಂದೇ ಒರೆಸಿ, ಮತ್ತೆ ಬಳಸುವವರೆಗೆ ಮುಚ್ಚಳ ಸಡಿಲವಾಗಿಯೇ ಇಡಿ. ಬಿಗಿದಿಟ್ಟರೆ ಗ್ಯಾಸ್ಕೆಟ್ ಚಪ್ಪಟೆಯಾಗಿ, ಮುಂದಿನ ಸಲ ಅಲ್ಲಿಂದಲೇ ಸೋರುತ್ತದೆ.