ಐದೇ ನಿಮಿಷಕ್ಕೆ ಕುಸಿಯುವ ಬೆನ್ನು

ಪ್ರಶ್ನೆ: ಇಡೀ ದಿನ ಕಂಪ್ಯೂಟರ್ ಮುಂದೆ ಕೆಲಸ. ಸಂಜೆಯ ಹೊತ್ತಿಗೆ ಕತ್ತು, ಸೊಂಟ ಎರಡೂ ಹಿಡಿದುಕೊಳ್ಳುತ್ತವೆ. ನೆಟ್ಟಗೆ ಕೂರಬೇಕೆಂದು ಎಷ್ಟು ಸಲ ಅಂದುಕೊಂಡರೂ ಐದು ನಿಮಿಷಕ್ಕೆ ಮತ್ತೆ ಗೂನಾಗುತ್ತೇನೆ. ಈ ಕೆಟ್ಟ ಅಭ್ಯಾಸ ಬಿಡುವುದು ಹೇಗೆ?

ಉತ್ತರ: ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಇದೇ. ಅದರಲ್ಲೂ ಆ ‘ಐದು ನಿಮಿಷ’ ಎಲ್ಲರ ಪ್ರಶ್ನೆಯಲ್ಲೂ ಇರುತ್ತದೆ, ಜೊತೆಗೆ ತಪ್ಪೊಪ್ಪಿಗೆಯ ದನಿ. ಇನ್ನೊಮ್ಮೆ ಹೇಳುತ್ತೇನೆ: ನೀವು ಕುಸಿಯುವುದು ಸೋಮಾರಿತನದಿಂದಲ್ಲ. ಸೆಟೆದುಕೊಂಡು ಎಂಟು ಗಂಟೆ ಕೂತಿದ್ದೆ ಎಂದು ಯಾರಾದರೂ ಬರೆದರೆ ನಾನು ನಂಬುವುದಿಲ್ಲ.

‘ನೆಟ್ಟಗೆ ಕೂತ್ಕೋ’ ಎಂಬುದು ನಮ್ಮಲ್ಲಿ ಹೆಚ್ಚಿನವರು ಬೆನ್ನಿಗೆ ಬಿದ್ದ ಗುದ್ದಿನ ಜೊತೆ ಕಲಿತ ಪಾಠ. ಶಿಸ್ತಿನ ಪಾಠ ಅಂದರೆ ಒಪ್ಪುತ್ತೇನೆ, ಶರೀರಶಾಸ್ತ್ರ ಅಂದರೆ ಒಪ್ಪುವುದಿಲ್ಲ. ಬೆನ್ನುಮೂಳೆ ಕೋಲಿನ ಹಾಗೆ ನೆಟ್ಟಗಿರುವುದೇ ಇಲ್ಲ. ಕತ್ತಿನಲ್ಲಿ ಒಳಕ್ಕೆ, ಎದೆಯ ಹಿಂದೆ ಹೊರಕ್ಕೆ, ಸೊಂಟದಲ್ಲಿ ಮತ್ತೆ ಒಳಕ್ಕೆ ಬಾಗಿರುತ್ತದೆ. (ದಯವಿಟ್ಟು ಇದನ್ನು ಬೆನ್ನುಹುರಿ ಎನ್ನಬೇಡಿ. ಬೆನ್ನುಹುರಿ ಮೂಳೆಯ ಒಳಗೆ ಇಳಿದುಬರುವ ನರಗಳ ಹುರಿ. ‘ಬೆನ್ನುಹುರಿ ನೋಯುತ್ತಿದೆ’ ಎಂದು ಬರೆದವರಿಗೆಲ್ಲ ಇದೇ ತಿದ್ದುಪಡಿ ಕಳಿಸಿ ಸಾಕಾಗಿದೆ.)

ಇನ್ನು ‘ಸರಿಯಾಗಿ ಕೂರುವ’ ಆ ಪ್ರಸಿದ್ಧ 90 ಡಿಗ್ರಿ ನಿಯಮ: ಮೊಣಕಾಲು 90, ತೊಡೆ–ಸೊಂಟ 90, ಮೊಣಕೈ 90. ಚಿತ್ರಕ್ಕೆ ಚೆನ್ನ. ಆದರೆ ಕೀಗನ್ ಎಂಬ ಅಮೆರಿಕದ ವೈದ್ಯರು 1953ರಲ್ಲೇ ಎಕ್ಸ್‌ರೇ ತೆಗೆದು ಇದರ ಎಡವಟ್ಟು ತೋರಿಸಿದ್ದರು. ತೊಡೆ ಮಡಿಸುತ್ತ ಹೋದಂತೆ ತೊಡೆಯ ಹಿಂಭಾಗದ ಸ್ನಾಯುಗಳು ಕಟಿಯನ್ನು (ಸೊಂಟದ ಕೆಳಗಿನ ಮೂಳೆಗೂಡನ್ನು) ಹಿಂದಕ್ಕೆ ಎಳೆಯುತ್ತವೆ, ಸೊಂಟದ ಸಹಜ ಬಾಗು ಚಪ್ಪಟೆಯಾಗುತ್ತದೆ. ಅದನ್ನು ಎದುರಿಸಿ ನೆಟ್ಟಗಿರಬೇಕಾದರೆ ಬೆನ್ನಿನ ಸ್ನಾಯುಗಳು ಬಿಡುವಿಲ್ಲದೆ ಬಿಗಿದುಕೊಂಡೇ ಇರಬೇಕು. ಬಿಗಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯದು. ಐದು ನಿಮಿಷಕ್ಕೆ ಅದು ಕೈಚೆಲ್ಲಿದರೆ ತಪ್ಪು ಅದರದ್ದಲ್ಲ.

2006ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 22 ಮಂದಿ ಆರೋಗ್ಯವಂತರನ್ನು ಕೂತ ಭಂಗಿಯಲ್ಲೇ ಎಂಆರ್‌ಐ ಮಾಡಿ ನೋಡಿದರು. ಅಲ್ಲಿಯೂ 90ಕ್ಕಿಂತ, ತೊಡೆಗೂ ಬೆನ್ನಿಗೂ ನಡುವೆ 135 ಡಿಗ್ರಿ ಇರುವಂತೆ ಹಿಂದಕ್ಕೆ ವಾಲಿ ಕೂತಾಗಲೇ ಡಿಸ್ಕ್‌ಗಳ (ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳ) ಮೇಲೆ ಒತ್ತಡ ಕಡಿಮೆ. 1999ರ ಜರ್ಮನ್ ಪ್ರಯೋಗವೊಂದು ಇನ್ನೂ ಧೈರ್ಯದ್ದು: ಒಬ್ಬ ವ್ಯಕ್ತಿಯ ಸೊಂಟದ ಡಿಸ್ಕ್‌ನೊಳಗೇ ಒತ್ತಡಮಾಪಕ ಇಟ್ಟರು. ಕುರ್ಚಿಗೆ ಒರಗಿ ಸಡಿಲವಾಗಿ ಜಾರಿ ಕೂತಾಗಿನ ಒತ್ತಡ, ಬೆನ್ನು ಸೆಟೆಸಿ ಕೂತಾಗಿನದಕ್ಕಿಂತ ಕಡಿಮೆ ಬಂತು. ಒಬ್ಬನೇ ಮನುಷ್ಯ, ಹಾಗಾಗಿ ವೇದವಾಕ್ಯ ಮಾಡಿಕೊಳ್ಳಬೇಡಿ. ‘ಹಾಗಾದರೆ ಇನ್ನುಮುಂದೆ ಜಾರಿಯೇ ಕೂರುತ್ತೇನೆ’ ಎಂದು ಹೊರಡಲೂಬೇಡಿ. ಯಾವ ಭಂಗಿಯನ್ನೇ ಆಗಲಿ ಮೂರು ಗಂಟೆ ಹಿಡಿದರೆ ಅದೇ ಕೆಟ್ಟ ಭಂಗಿ.

ಯಾಕೆಂದರೆ, ದೊಡ್ಡವರ ಡಿಸ್ಕ್‌ಗಳ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಅಕ್ಕಪಕ್ಕದ ಮೂಳೆಯಿಂದ ನಿಧಾನವಾಗಿ ಒಸರಿ ಬರುವುದೇ ಅವುಗಳ ಆಹಾರ. ಒತ್ತುತ್ತ ಬಿಡುತ್ತ ಇದ್ದರೆ ಅವುಗಳೊಳಗೆ ನೀರಿನಂಶ ಓಡಾಡುತ್ತದೆ. ಹಾಗಾಗಿ ಬಿಡಬೇಕಾದ ಅಭ್ಯಾಸ ಗೂನಲ್ಲ, ಅಲುಗಾಡದೆ ಕೂರುವುದು. ಅರ್ಧ ಗಂಟೆಗೊಮ್ಮೆ ಏಳಿ, ಎರಡು ನಿಮಿಷ ಸಾಕು. ಅಲಾರಂ ಇಟ್ಟರೆ ಮೂರನೇ ದಿನ ನೀವೇ ಆಫ್ ಮಾಡುತ್ತೀರಿ. ಬದಲಿಗೆ ಫೋನ್ ಬಂದಾಗ ಎದ್ದು ನಿಂತು ಮಾತಾಡಿ, ನೀರಿನ ಬಾಟಲಿಯನ್ನು ಕೈಗೆಟುಕದ ಕಡೆ ಇಡಿ. ಭುಜ ಹಿಂದಕ್ಕೆಳೆಯುವ ಪಟ್ಟಿ ಕೊಳ್ಳಲೇ ಎಂದು ಕೇಳುವವರಿಗೆ: ಬೇಡ. ಪಟ್ಟಿ ಹಿಡಿದು ನಿಲ್ಲಿಸುತ್ತದೆ, ನಿಮಗೆ ಬೇಕಿರುವುದು ಚಲನೆ.

ಮೇಜಿನ ವಿಷಯ ಎಲ್ಲರಿಗೂ ಗೊತ್ತಿದೆ, ಮಾಡುವವರು ಕಡಿಮೆ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟದಲ್ಲೋ ತುಸು ಕೆಳಗೋ ಇರಲಿ, ಅಂತರ ಒಂದು ತೋಳಿನಷ್ಟು. ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್ ಸರಿಮಾಡಿದರೆ ಕೈ ಕೆಡುತ್ತದೆ, ಕೈ ಸರಿಮಾಡಿದರೆ ಕತ್ತು. ಅದನ್ನು ನಾಲ್ಕು ದಪ್ಪ ಪುಸ್ತಕದ ಮೇಲೇರಿಸಿ, ಕೀಬೋರ್ಡ್ ಬೇರೆ ಹಾಕಿಕೊಳ್ಳಿ. ನೋವು ಕಾಲಿಗೆ ಇಳಿದು ಜೋಮು ಹಿಡಿಯುತ್ತಿದ್ದರೆ ಕುರ್ಚಿ ಸರಿಮಾಡುತ್ತ ಕೂರದೆ ವೈದ್ಯರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರಂತೂ ಅದೇ ದಿನ.

ನೀವು ಕೇಳಿಲ್ಲ, ಆದರೂ ಒಂದು: ಕನ್ನಡಕ ಹಾಕುತ್ತೀರಾ? ನಲವತ್ತು ದಾಟಿದವರ ಬೈಫೋಕಲ್, ಪ್ರೋಗ್ರೆಸ್ಸಿವ್ ಗಾಜುಗಳಲ್ಲಿ ಹತ್ತಿರದ್ದನ್ನು ಓದುವ ಭಾಗ ಕೆಳಗಿರುತ್ತದೆ. ಕಣ್ಣಿನ ಮಟ್ಟದ ಸ್ಕ್ರೀನನ್ನು ಅದರಲ್ಲಿ ನೋಡಲು ಗದ್ದ ಮೇಲೆತ್ತಲೇಬೇಕು, ದಿನವಿಡೀ. ಅಂಥವರು ಮೇಲೆ ಹೇಳಿದ ಮಟ್ಟ ಮರೆತು ಸ್ಕ್ರೀನನ್ನು ಚೆನ್ನಾಗಿ ಕೆಳಗಿಳಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿಡಬೇಕು. ಕತ್ತು ನೋವೆಂದು ಬಂದವರಿಗೆ ನಾನು ಈಗೀಗ ಕುರ್ಚಿಯ ವಿಷಯ ಆಮೇಲೆ ಕೇಳುತ್ತೇನೆ. ಮೊದಲು ಕನ್ನಡಕ ತೆಗೆಸಿ ನೋಡುತ್ತೇನೆ.