ದಿನಾ ಎರಡು ಗಂಟೆ ವ್ಯಾಯಾಮ ಮಾಡಿದರೂ ಗಗನಯಾತ್ರಿಗಳ ಸ್ನಾಯು ಯಾಕೆ ಸೊರಗುತ್ತದೆ?

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರಂತೆ. ಭೂಮಿಯ ಮೇಲಿರುವ ನಮ್ಮಲ್ಲಿ ಹೆಚ್ಚಿನವರು ಅಷ್ಟು ಮಾಡುವುದೇ ಇಲ್ಲ. ಆದರೂ ಅವರ ಕಾಲೇ ಯಾಕೆ ಸೊರಗುತ್ತದೆ?

ಉತ್ತರ: ಒಳ್ಳೆಯ ಪ್ರಶ್ನೆ. ನಾವು ವ್ಯಾಯಾಮ ಅಂತ ಲೆಕ್ಕಕ್ಕೇ ಹಿಡಿಯದ ಕೆಲಸವೊಂದು ಇದೆ. ಅದು ಸುಮ್ನೆ ನಿಲ್ಲುವುದು.

ಮೀನಖಂಡದ ಒಳಪದರದಲ್ಲಿ ಸೋಲಿಯಸ್ ಅನ್ನುವ ಚಪ್ಪಟೆ ಸ್ನಾಯು ಇದೆ. ನಾವು ನಿಂತಾಗ ಮೈಭಾರ ಕಣಕಾಲಿನ ಕೀಲಿಗಿಂತ ಸ್ವಲ್ಪ ಮುಂದಕ್ಕೆ ಬೀಳುತ್ತದೆ. ಮುಂದಕ್ಕೆ ವಾಲದ ಹಾಗೆ ಹಿಂದಿನಿಂದ ಹಿಡಿದಿಡುವುದು ಮುಖ್ಯವಾಗಿ ಈ ಸೋಲಿಯಸ್. ಅದರಲ್ಲಿ ಜಾಸ್ತಿ ಇರುವುದು ನಿಧಾನವಾಗಿ, ದಣಿಯದೆ ದುಡಿಯುವ ಎಳೆಗಳು. ನಿಂತಾಗ, ನಡೆವಾಗ, ಮೆಟ್ಟಿಲು ಹತ್ತುವಾಗ ಅವಕ್ಕೆ ಕೆಲಸ ಇದ್ದೇ ಇರುತ್ತದೆ.

ತೂಕವಿಲ್ಲದ ಕಡೆ ಆ ಕೆಲಸವೇ ಇಲ್ಲ. ಹಿಮ್ಮಡಿಯ ಮೇಲೆ ಭಾರ ಬೀಳುವುದಿಲ್ಲ. ಪಾದ ತಾನಾಗೇ ಕೆಳಮುಖವಾಗಿ ಚಾಚಿಕೊಳ್ಳುತ್ತದೆ, ಸೋಲಿಯಸ್ ದಿನವಿಡೀ ಕುಗ್ಗಿ ಸಡಿಲವಾಗಿ ಇದ್ದುಬಿಡುತ್ತದೆ. ಸ್ನಾಯುವಿನ ಪ್ರೋಟೀನು ಸದಾ ಒಡೆಯುತ್ತಾ, ಹೊಸದಾಗಿ ಕೂಡುತ್ತಾ ಇರುತ್ತದೆ. ಎಳೆತ ಇಲ್ಲದಿದ್ದರೆ ಕೂಡುವುದು ಹಿಂದೆ ಬೀಳುತ್ತದೆ.

ಹಾಗಾದರೆ ಆ ಎರಡು ಗಂಟೆ ಏನಾಯಿತು? ಇದಕ್ಕೆ ಗಟ್ಟಿ ಉತ್ತರ ಕೊಟ್ಟವರಲ್ಲಿ ಅಮೆರಿಕದ ಮಾರ್ಕೆಟ್ ವಿಶ್ವವಿದ್ಯಾಲಯದ ಸ್ನಾಯುವಿಜ್ಞಾನಿ ರಾಬರ್ಟ್ ಫಿಟ್ಸ್ ಒಬ್ಬರು. 1996ರಲ್ಲಿ ಕೊಲಂಬಿಯಾ ನೌಕೆಯಲ್ಲಿ 17 ದಿನ ಹಾರಿ ಬಂದವರ ಸ್ನಾಯುವನ್ನು ಅವರ ತಂಡ ಪರೀಕ್ಷಿಸಿತ್ತು. ಆಮೇಲೆ ನಿಲ್ದಾಣದಲ್ಲಿ ಸುಮಾರು 180 ದಿನ ಇದ್ದು ಬಂದವರ ಸರದಿ. ಹಾರಾಟಕ್ಕೆ 45 ದಿನ ಮೊದಲು ಒಮ್ಮೆ, ಇಳಿದ ದಿನವೇ ಇನ್ನೊಮ್ಮೆ, ಮೀನಖಂಡದಿಂದ ಸಣ್ಣ ಚೂರು ತೆಗೆದರು. ಆರು ತಿಂಗಳಾದ ಮೇಲೆ ಭೂಮಿಗೆ ಬಂದ ದಿನವೇ ಕಾಲಿಗೆ ಸೂಜಿ ಚುಚ್ಚಿಸಿಕೊಳ್ಳಲು ಒಪ್ಪಿದವರನ್ನು ಮೆಚ್ಚಲೇಬೇಕು.

ಆ ಚೂರಿನಿಂದ ಒಂದೊಂದೇ ಎಳೆಯನ್ನು ಬಿಡಿಸುತ್ತಾರೆ. ಅದರ ದಪ್ಪ ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಒಂದು ತುದಿಯನ್ನು ಪುಟ್ಟ ಮೋಟಾರಿಗೂ ಇನ್ನೊಂದನ್ನು ಬಲ ಅಳೆಯುವ ಸಾಧನಕ್ಕೂ ಕಟ್ಟಿ, ಕ್ಯಾಲ್ಸಿಯಂ ಇರುವ ದ್ರಾವಣದಲ್ಲಿ ಮುಳುಗಿಸಿದರೆ ಎಳೆ ಸಂಕುಚಿಸುತ್ತದೆ. ಇಲ್ಲಿ ಮನಸ್ಸಿನ ದಣಿವು, ನರಗಳ ಗೊಂದಲ ಯಾವುದೂ ಅಡ್ಡ ಬರುವುದಿಲ್ಲ. ಎಳೆಯ ಸ್ವಂತ ಶಕ್ತಿ ಎಷ್ಟು ಅಂತ ನೇರವಾಗಿ ಗೊತ್ತಾಗುತ್ತದೆ. ನನಗೆ ಈ ಕೆಲಸದ ಬಗ್ಗೆ ಇಷ್ಟು ಗೌರವ ಇರುವುದು ಅದಕ್ಕೇ.

2010ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಸೋಲಿಯಸ್‌ನ ನಿಧಾನ ಎಳೆಗಳ ಸರಾಸರಿ ವ್ಯಾಸ 98 ಮೈಕ್ರೋಮೀಟರ್‌ನಿಂದ 79ಕ್ಕೆ ಇಳಿದಿತ್ತು (ಒಂದು ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಬಲ ಶೇ. 35ರಷ್ಟು ಕಡಿಮೆಯಾಗಿತ್ತು. ಸಂಕುಚಿಸುವ ವೇಗವೂ ತಗ್ಗಿದ್ದರಿಂದ, ಬಲ ಮತ್ತು ವೇಗ ಎರಡೂ ಸೇರಿದ ಸಾಮರ್ಥ್ಯ ಸುಮಾರು ಶೇ. 55 ಕುಸಿದಿತ್ತು. ಮೊದಲೇ ದಪ್ಪ ಎಳೆ ಇದ್ದವರು ಜಾಸ್ತಿ ಕಳೆದುಕೊಂಡಿದ್ದರು. ಟ್ರೆಡ್‌ಮಿಲ್ ಮೇಲೆ ಹೆಚ್ಚು ಓಡಿದವರು ಕಡಿಮೆ ಕಳೆದುಕೊಂಡಿದ್ದರು.

ಈ ಕೊನೆಯ ಮಾತನ್ನು ಗಮನಿಸಿ. ಇದನ್ನು ಬಿಟ್ಟು ಓದಿದವರು ‘ವ್ಯಾಯಾಮ ಮಾಡಿ ಪ್ರಯೋಜನವಿಲ್ಲ’ ಅಂದುಬಿಡುತ್ತಾರೆ. ಅದು ತಪ್ಪು. ಸಂಶೋಧಕರು ಹೇಳಿದ್ದು, ಆ ವ್ಯಾಯಾಮದಲ್ಲಿ ಭಾರ ಸಾಲದು ಅಂತ. ತೂಕವಿಲ್ಲದ ಕಡೆ ಓಡಬೇಕಾದರೆ ಮೈಗೆ ಪಟ್ಟಿ ಕಟ್ಟಿ ಕೆಳಕ್ಕೆ ಎಳೆಸಿಕೊಳ್ಳಬೇಕು. ಆ ಪಟ್ಟಿ ಹೆಗಲನ್ನೂ ಸೊಂಟವನ್ನೂ ಒತ್ತುತ್ತದೆ, ಪೂರ್ತಿ ಮೈತೂಕದಷ್ಟು ಎಳೆತವನ್ನು ತಡೆದುಕೊಳ್ಳುವುದು ಕಷ್ಟ. ಸೈಕಲ್ ತುಳಿದರೆ ಹೃದಯಕ್ಕೆ ಒಳ್ಳೆಯದು, ಸೋಲಿಯಸ್‌ಗೆ ಬೇಕಾದಷ್ಟು ಭಾರ ಸಿಗುವುದಿಲ್ಲ. ಭಾರ ಎತ್ತುವ ಆಗಿನ ಯಂತ್ರದ ಮಿತಿ ಸುಮಾರು 136 ಕಿಲೋ. ನಿಲ್ದಾಣದಲ್ಲಿ ಮೈತೂಕವೇ ಇಲ್ಲದ್ದರಿಂದ ಅದನ್ನೂ ಯಂತ್ರವೇ ತುಂಬಿಕೊಡಬೇಕು ಅಲ್ವಾ? ಹಾಗಾಗಿ ಗಟ್ಟಿಮುಟ್ಟಾದವರಿಗೆ ಅದು ಸಾಲುತ್ತಿರಲಿಲ್ಲ.

2008ರ ಕೊನೆಯಲ್ಲಿ ಹೊಸ ಯಂತ್ರ ಮೇಲೆ ಹೋಯಿತು. ಗಾಳಿ ತೆಗೆದ ಸಿಲಿಂಡರುಗಳು ಒಡ್ಡುವ ತಡೆಯೇ ಅದರ ಭಾರ, ಸುಮಾರು 272 ಕಿಲೋವರೆಗೆ. ಅದು ಬಂದ ಮೇಲೆ ಸ್ನಾಯುವೂ ಎಲುಬೂ ಮೊದಲಿಗಿಂತ ಚೆನ್ನಾಗಿ ಉಳಿಯುತ್ತಿವೆ. ನಷ್ಟ ಪೂರ್ತಿ ನಿಂತಿಲ್ಲ. ಮಂಗಳದ ದಾರಿಯ ಸಣ್ಣ ನೌಕೆಯಲ್ಲಿ ಇಷ್ಟು ದೊಡ್ಡ ಯಂತ್ರಕ್ಕೆ ಜಾಗ ಸಿಗುವುದೂ ಕಷ್ಟ. ಮಂಗಳದಲ್ಲಿ ಇಳಿದವರನ್ನು ಹಿಡಿದು ನಡೆಸಲು ಯಾರೂ ಇರುವುದಿಲ್ಲ. ಹಾಗಾಗಿ ಈಗಿನ ಹುಡುಕಾಟವೆಲ್ಲ ಚಿಕ್ಕ ಯಂತ್ರ, ಕಡಿಮೆ ಹೊತ್ತು, ಜಾಸ್ತಿ ಭಾರದ ಕಡೆಗೆ.

ಭೂಮಿಗೆ ಮರಳಿದವರ ಸ್ನಾಯು ಸುಧಾರಿಸುತ್ತದೆ. ಕೆಲವು ವಾರಗಳಿಂದ ತಿಂಗಳುಗಳು ಹಿಡಿಯಬಹುದು. ಎಲುಬಿಗೆ ಇನ್ನೂ ಹೆಚ್ಚು ಕಾಲ ಬೇಕು.