ಮೂವತ್ತು ನಿಮಿಷದ ರೂಮು

ಹೋಟೆಲ್ ರೂಮಿನ ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವುದು ಹಾಸಿಗೆ. ಸುಕ್ಕಿಲ್ಲದ ಬಿಳಿ ಹೊದಿಕೆ, ಉಬ್ಬಿದ ದಿಂಬು, ಮಡಿಸಿಟ್ಟ ಟವೆಲ್ ಕಂಡರೆ ಸಾಕು, ರೂಮು ಚೊಕ್ಕಟವಾಗಿದೆ ಎಂದು ನಮ್ಮ ಮನಸ್ಸು ತೀರ್ಮಾನಿಸಿಬಿಡುತ್ತದೆ. ಇದು ಹೋಟೆಲಿನವರಿಗೂ ಚೆನ್ನಾಗಿ ಗೊತ್ತು. ಸುಮಾರು ಇನ್ನೂರು ವರ್ಷಗಳಲ್ಲಿ ಹೌಸ್‌ಕೀಪಿಂಗ್ ನಿಯಮಗಳು ಬೆಳೆದು ಬಂದ ಬಗೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಒಂದೊಂದು ರೋಗ, ಒಂದೊಂದು ಹಗರಣ ಬಂದಾಗಲೂ ಕೆಲಸದ ಪಟ್ಟಿಗೆ ಒಂದೊಂದು ಸಾಲು ಸೇರಿತು. ಆ ಸಾಲಿನ ಕೆಲಸಕ್ಕೆ ಬೇಕಾದ ನಿಮಿಷಗಳು ಸೇರಿದ್ದು ಮಾತ್ರ ಅಪರೂಪ.

ಶುರುವಾಗಿದ್ದು ಬೀಗದಿಂದ. ಹಳೆಯ ಕಾಲದ ಪ್ರಯಾಣಿಕರ ತಂಗುದಾಣಗಳಲ್ಲಿ ಗುರುತು ಪರಿಚಯವಿಲ್ಲದವರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವುದು ಸಾಮಾನ್ಯವಾಗಿತ್ತು. ಯಾರು ಯಾವಾಗ ಎದ್ದು ಹೋದರು, ಚಾದರವನ್ನು ಯಾವಾಗ ಬದಲಿಸಬೇಕು ಎಂಬ ಪ್ರಶ್ನೆಗೆ ಅಲ್ಲಿ ಅರ್ಥವೇ ಇರಲಿಲ್ಲ. 1829ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಶುರುವಾದ ಟ್ರೆಮಾಂಟ್ ಹೌಸ್ ಪ್ರತಿ ರೂಮಿಗೂ ಬೀಗ ಹಾಕಿಸಿತು, ನೀರಿನ ಹೂಜಿ ಮತ್ತು ಬೋಗುಣಿ ಇಟ್ಟಿತು, ಸೋಪನ್ನು ಪುಕ್ಕಟೆ ಕೊಟ್ಟಿತು. ಸೋಪಿಗಿಂತ ಬೀಗವೇ ದೊಡ್ಡ ಬದಲಾವಣೆ. ರೂಮು ಒಬ್ಬ ಅತಿಥಿಯದು ಎಂದಾದ ಮೇಲೆಯೇ ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವಿನ ಹೊತ್ತು ಎಂಬುದೊಂದು ಹುಟ್ಟಿಕೊಂಡಿತು. ಇಂದು ಚೆಕ್‌ಔಟ್ ಕ್ಲೀನಿಂಗ್ ಎಂದು ಕರೆಯುವ ಕೆಲಸಕ್ಕೆ ಜಾಗ ಸಿಕ್ಕಿದ್ದು ಆ ಹೊತ್ತಿನಲ್ಲಿ.

ಎರಡನೇ ತಿರುವು 1908ರದು. ಬಫಲೊ ನಗರದಲ್ಲಿ ಎಲ್ಸ್‌ವರ್ತ್ ಸ್ಟಾಟ್ಲರ್ ಕಟ್ಟಿಸಿದ ಹೋಟೆಲಿನಲ್ಲಿ ಪ್ರತಿ ರೂಮಿಗೂ ಸ್ವಂತ ಬಚ್ಚಲಿತ್ತು. ಬಾಡಿಗೆ ಒಂದೂವರೆ ಡಾಲರ್. ಎರಡು ರೂಮುಗಳ ಬಚ್ಚಲನ್ನು ಬೆನ್ನಿಗೆ ಬೆನ್ನು ಕೂರಿಸಿ, ಕೊಳಾಯಿಗಳನ್ನೆಲ್ಲ ನಡುವಿನ ಒಂದೇ ಗೂಡಿನಲ್ಲಿ ಇಳಿಬಿಟ್ಟಿದ್ದರಿಂದ ಖರ್ಚು ತಗ್ಗಿತು. ಆ ವಿನ್ಯಾಸ ಇಂದಿಗೂ ಬಳಕೆಯಲ್ಲಿದೆ. ಆದರೆ ಅದುವರೆಗೆ ಬೋಗುಣಿಯ ನೀರು ಚೆಲ್ಲಿ ಹಾಸಿಗೆ ಸರಿಮಾಡುತ್ತಿದ್ದ ಕೆಲಸದವರ ಪಾಲಿಗೆ ಕಮೋಡು, ತೊಟ್ಟಿ, ನಲ್ಲಿ, ಟೈಲ್ಸ್ ಎಲ್ಲ ಬಂದವು. ಇಂದು ಒಂದು ರೂಮಿಗೆ ತಗಲುವ ಹೊತ್ತಿನಲ್ಲಿ ದೊಡ್ಡ ಪಾಲನ್ನು ನುಂಗುವುದು ಬಚ್ಚಲೇ.

ಅದೇ ಕಾಲಕ್ಕೆ ಸರ್ಕಾರಗಳೂ ಹಾಸಿಗೆಗೆ ಕೈ ಹಾಕಿದವು. ಓಕ್ಲಹೋಮ, ಟೆಕ್ಸಾಸ್‌ನಂಥ ಅಮೆರಿಕದ ಕೆಲವು ರಾಜ್ಯಗಳು ಹೋಟೆಲಿನ ಬೆಡ್‌ಶೀಟ್ ಒಂಬತ್ತು ಅಡಿ ಉದ್ದ ಇರಲೇಬೇಕು ಎಂದು ಕಾನೂನು ಮಾಡಿದವು. ಕೇಳಿದರೆ ನಗು ಬರುತ್ತದೆ, ಆದರೆ ಲೆಕ್ಕ ಸರಿಯಾಗಿಯೇ ಇದೆ. ಆರಡಿ ಚಿಲ್ಲರೆ ಉದ್ದದ ಹಾಸಿಗೆಗೆ ಒಂಬತ್ತು ಅಡಿಯ ಶೀಟ್ ಹೊದಿಸಿದರೆ ಕಾಲಿನ ಕಡೆ ಸಿಕ್ಕಿಸಿಯೂ ತಲೆಯ ಕಡೆ ಕಂಬಳಿಯ ಮೇಲೆ ಮಡಚುವಷ್ಟು ಉಳಿಯುತ್ತದೆ. ಉಣ್ಣೆಯ ಕಂಬಳಿಯನ್ನು ದಿನಾ ಒಗೆಯಲಾಗದು. ಹತ್ತಾರು ಜನ ಹೊದ್ದ ಆ ಕಂಬಳಿ ಮಲಗಿದವರ ಮುಖಕ್ಕೆ ತಾಗದಿರಲಿ ಎಂಬುದೇ ಉದ್ದೇಶ. ಒಗೆಯಲಾಗದ ವಸ್ತುವಿಗೆ ಒಗೆಯಬಹುದಾದ ಪದರ ಹೊದಿಸು ಎಂಬ ಈ ಉಪಾಯ ತೊಂಬತ್ತು ವರ್ಷಗಳ ಮೇಲೆ ಮತ್ತೆ ಬಂತು. 1999ರಲ್ಲಿ ವೆಸ್ಟಿನ್ ಹೋಟೆಲ್ ಸರಪಳಿ ‘ಹೆವನ್ಲಿ ಬೆಡ್’ ಹೆಸರಿನಲ್ಲಿ ಪೂರ್ತಿ ಬಿಳಿಯ ಹಾಸಿಗೆಯನ್ನು ತಂದಿತು, ಉಳಿದವರು ಹಿಂಬಾಲಿಸಿದರು. ಹೂವಿನ ಚಿತ್ತಾರದ ದಪ್ಪ ಮೇಲುಹೊದಿಕೆಗಳು ಎಷ್ಟು ಕೊಳೆಯನ್ನೂ ಅಡಗಿಸಿಕೊಳ್ಳುತ್ತಿದ್ದವು. ಬಿಳಿಯಲ್ಲಿ ಕಲೆ ಅಡಗುವುದಿಲ್ಲ, ಬ್ಲೀಚ್ ಹಾಕಿದರೂ ಬಣ್ಣ ಹೋಗುವ ಭಯವಿಲ್ಲ.

ಆದರೂ ಹಾಸಿಗೆಯ ಕಾಲುದೆಸೆಯಲ್ಲಿ ಅಡ್ಡಲಾಗಿ ಹಾಸುವ ಬಣ್ಣದ ಪಟ್ಟಿ, ಅಲಂಕಾರದ ಪುಟ್ಟ ದಿಂಬು ಹಲವು ಕಡೆ ಉಳಿದುಕೊಂಡಿವೆ. ಪ್ರತಿ ಅತಿಥಿಯ ನಂತರ ಅವು ಲಾಂಡ್ರಿಗೆ ಹೋಗುವುದು ಕಡಿಮೆ. ಅವನ್ನು ಎತ್ತಿ ಕುರ್ಚಿಯ ಮೇಲಿಡುವುದು ಜಾಣತನ.

ಬಿಳಿ ಬಟ್ಟೆಗೆ ಅದರದೇ ಕಷ್ಟಗಳಿವೆ. ಮೆಷಿನ್ನಿಗೆ ಅಳತೆ ಮೀರಿ ಬಟ್ಟೆ ತುರುಕಿದರೆ ಕೊಳೆ ಬಿಡುವುದಿಲ್ಲ, ಶೀಟು ಮಾಸಲಾಗುತ್ತದೆ. ಜಾಲಿಸುವುದು ಸಾಲದೆ ಹೋದರೆ ಡಿಟರ್ಜೆಂಟಿನ ಕ್ಷಾರ ನೂಲಿನಲ್ಲೇ ಉಳಿದು ಇಸ್ತ್ರಿಯ ಬಿಸಿಗೆ ಹಳದಿ ತಿರುಗುತ್ತದೆ, ಮೈಗೆ ತುರಿಕೆಯನ್ನೂ ತರುತ್ತದೆ. ಅದಕ್ಕೇ ಕೊನೆಯ ಜಾಲಿನಲ್ಲಿ ಸ್ವಲ್ಪ ಹುಳಿ ರಾಸಾಯನಿಕ ಬೆರೆಸುತ್ತಾರೆ. ಆಸ್ಪತ್ರೆಯ ಬಟ್ಟೆಗೆ ಹೇಳಿರುವ ಅಳತೆ 71 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 25 ನಿಮಿಷ. ಹೋಟೆಲ್ ಲಾಂಡ್ರಿಗಳು ಹೆಚ್ಚಾಗಿ ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಒಗೆದು, ಉಳಿದದ್ದನ್ನು ಬ್ಲೀಚ್ ಮತ್ತು ಡ್ರೈಯರಿನ ಶಾಖಕ್ಕೆ ಬಿಡುತ್ತವೆ. ಒಂದು ಹಾಸಿಗೆಗೆ ಕನಿಷ್ಠ ಮೂರು ಜೊತೆ ಬಟ್ಟೆ ಇರಬೇಕು: ಹಾಸಿಗೆಯ ಮೇಲೊಂದು, ಒಗೆತದಲ್ಲೊಂದು, ಕಪಾಟಿನಲ್ಲೊಂದು. ಇದಕ್ಕಿಂತ ಕಡಿಮೆಯಾದರೆ ಮಧ್ಯಾಹ್ನ ಎರಡರ ಹೊತ್ತಿಗೆ ಶೀಟು ಸಾಲದೆ ಬರುತ್ತದೆ. ಆಗ ನಡೆಯುವುದೇನು? ಸುಕ್ಕು ಕಾಣದ ಹಳೆಯ ಶೀಟನ್ನೇ ಎಳೆದು ಬಿಗಿಮಾಡುವುದು.

ಇನ್ನು ಗಾಜಿನ ಲೋಟ. ಈ ವಿಷಯದ ಇಡೀ ಇತಿಹಾಸ ಒಂದು ಲೋಟದಲ್ಲಿ ಹಿಡಿಸುತ್ತದೆ. ರೈಲು, ಶಾಲೆಗಳಲ್ಲಿ ಎಲ್ಲರೂ ಒಂದೇ ಲೋಟದಲ್ಲಿ ಕುಡಿಯುವುದನ್ನು ಕಾನ್ಸಸ್ ರಾಜ್ಯ 1909ರಲ್ಲಿ ನಿಷೇಧಿಸಿತು. ಅದರ ಹಿಂದಿದ್ದವರು ಅಲ್ಲಿನ ಆರೋಗ್ಯಾಧಿಕಾರಿ ಡಾ. ಸ್ಯಾಮ್ಯುಯೆಲ್ ಕ್ರಂಬೈನ್, ಕ್ಷಯರೋಗ ಹರಡುವ ಹೆದರಿಕೆ ಕಾರಣ. ಸುಮಾರು ನೂರು ವರ್ಷದ ಮೇಲೆ, 2007ರಲ್ಲಿ, ಅಮೆರಿಕದ ಟಿವಿ ವರದಿಗಾರರು ರೂಮುಗಳಲ್ಲಿ ಗುಪ್ತ ಕ್ಯಾಮೆರಾ ಇಟ್ಟರು. 2018ರಲ್ಲಿ ಚೀನಾದ ಐಷಾರಾಮಿ ಹೋಟೆಲುಗಳಲ್ಲಿ ಚಿತ್ರೀಕರಿಸಿದ ವಿಡಿಯೊ ಲೋಕವೆಲ್ಲ ಸುತ್ತಿತು. ಎರಡರಲ್ಲೂ ಕಂಡದ್ದು ಒಂದೇ: ಬಚ್ಚಲು ಒರೆಸಿದ ಬಟ್ಟೆಯಲ್ಲೋ ಅತಿಥಿ ಬಿಟ್ಟುಹೋದ ಟವೆಲಿನಲ್ಲೋ ಲೋಟವನ್ನು ಒರೆಸಿ, ಫಳಫಳ ಹೊಳೆಯುವಂತೆ ಮಾಡಿ, ಮತ್ತೆ ಅಲ್ಲೇ ಇಡುವುದು.

ನಿಯಮ ಹೇಳುವುದು ಬೇರೆ. ಬಳಸಿದ ಲೋಟವನ್ನು ರೂಮಿನಲ್ಲಿ ತೊಳೆಯಲೇಬಾರದು. ಟ್ರಾಲಿಯಲ್ಲಿ ಅಡುಗೆಮನೆಗೆ ಹೋಗಬೇಕು. ಅಲ್ಲಿ ಪಾತ್ರೆ ತೊಳೆಯುವ ಯಂತ್ರದಲ್ಲಿ ಸುಮಾರು 82 ಡಿಗ್ರಿಯ ನೀರಿನ ಕೊನೆಯ ಜಾಲು ಆಗಿ, ಒರೆಸದೆ ತಾನಾಗಿ ಆರಿ ಬರಬೇಕು. ತಪ್ಪುವುದು ಎಲ್ಲಿ? ಒಬ್ಬರು ಒಂದು ಪಾಳಿಯಲ್ಲಿ ಶುಚಿಮಾಡುವ ಹದಿನಾಲ್ಕು ರೂಮಿಗೆ, ರೂಮಿಗೆರಡರಂತೆ, 28 ತೊಳೆದ ಲೋಟ ಟ್ರಾಲಿಯಲ್ಲಿರಬೇಕು, 28 ಕೊಳೆ ಲೋಟಕ್ಕೆ ಬೇರೆ ಜಾಗವಿರಬೇಕು. ಆ ಜಾಗ ಟ್ರಾಲಿಯಲ್ಲಿಲ್ಲ, ಅಷ್ಟು ಲೋಟ ಸ್ಟೋರಿನಲ್ಲಿಲ್ಲ. ಸೂಪರ್‌ವೈಸರ್ ಬಂದಾಗ ಲೋಟದಲ್ಲಿ ನೀರಿನ ಕಲೆ ಇದ್ದರೆ ರೂಮು ಫೇಲ್, ಹೊಳೆದರೆ ಪಾಸ್. ಬಟ್ಟೆಯಲ್ಲಿ ಒರೆಸಿದ್ದಕ್ಕೆ ಬಹುಮಾನ, ಆರಲು ಬಿಟ್ಟದ್ದಕ್ಕೆ ಶಿಕ್ಷೆ ಎಂದಾದ ಮೇಲೆ ಕೆಲಸದವರನ್ನು ಬೈದು ಏನು ಫಲ? ಲೋಟದ ಬಾಯಿಗೆ ಹಾಕಿದ ಕಾಗದದ ಮುಚ್ಚಳ ಹೇಳುವುದು ಇಷ್ಟೇ, ಯಾರೋ ಮುಚ್ಚಳ ಹಾಕಿದ್ದಾರೆ. ಲೋಟವನ್ನು ಬೆಳಕಿಗೆ ಹಿಡಿದು ನೋಡಿ; ಒಳಬದಿಯಲ್ಲಿ ಹತ್ತಿಯ ಎಳೆ ಅಂಟಿದ್ದರೆ ಅದು ಟವೆಲಿನ ಸಾಕ್ಷಿ.

ರೂಮು ಶುಚಿಮಾಡುವ ಕ್ರಮಕ್ಕೂ ಕಾರಣಗಳಿವೆ. ಬಾಗಿಲು ತಟ್ಟಿ ಒಳಬಂದವರು ಮೊದಲು ಪರದೆ ಸರಿಸಿ ಬೆಳಕು ತರುತ್ತಾರೆ, ಕಸ ಮತ್ತು ಬಳಸಿದ ಬಟ್ಟೆ ಹೊರಹಾಕುತ್ತಾರೆ. ಆಮೇಲೆ ಹಾಸಿಗೆಗೆ ಹೋಗುವ ಮುನ್ನವೇ ಬಚ್ಚಲಿಗೆ ಹೋಗಿ ಕಮೋಡಿಗೆ ದ್ರಾವಣ ಸುರಿದು ಬರಬೇಕು. ಎಷ್ಟೋ ಸೋಂಕುನಿವಾರಕಗಳ ಡಬ್ಬಿಯ ಮೇಲೆ ಮೇಲ್ಮೈ ಹತ್ತು ನಿಮಿಷ ಒದ್ದೆಯಾಗಿರಲಿ ಎಂದು ಬರೆದಿರುತ್ತದೆ. ಹಾಸಿಗೆ ಹಾಸುವಷ್ಟರಲ್ಲಿ ಆ ಹತ್ತು ನಿಮಿಷ ಕಳೆದಿರುತ್ತದೆ. ಚಿಮುಕಿಸಿ ಕೂಡಲೇ ಒರೆಸಿದರೆ ವಾಸನೆ ಉಳಿಯುತ್ತದೆ, ಕೀಟಾಣುವೂ ಉಳಿಯುತ್ತದೆ. ಕಮೋಡಿಗೆ ಹಾಕುವ ಆಸಿಡ್ ಮತ್ತು ಬ್ಲೀಚ್ ಒಂದೇ ಕಡೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಹಾಸಿಗೆ ಮುಗಿದ ಮೇಲೆ ಧೂಳು ಒರೆಸುವುದು, ಮೇಲಿನಿಂದ ಕೆಳಕ್ಕೆ, ಬಾಗಿಲಿನಿಂದ ಶುರುವಾಗಿ ಒಂದೇ ದಿಕ್ಕಿನಲ್ಲಿ ಒಂದು ಸುತ್ತು. ಹಾಸಿಗೆ ಕೊಡವಿದಾಗ ಏಳುವ ಧೂಳು ಮೇಜಿನ ಮೇಲೆ ಕೂರುವುದರಿಂದ ಈ ಕ್ರಮ ತಿರುಗಾಮುರುಗಾ ಆದರೆ ಕೆಲಸ ಎರಡಾಗುತ್ತದೆ. ಬಚ್ಚಲು ಮುಗಿಸಿ, ಕೊನೆಗೆ ಒಳಗಿನಿಂದ ಬಾಗಿಲಿನತ್ತ ಹಿಂದೆ ಸರಿಯುತ್ತ ವ್ಯಾಕ್ಯೂಮ್.

ಬಟ್ಟೆಯ ಬಣ್ಣಕ್ಕೂ ಲೆಕ್ಕವಿದೆ. ಹೆಚ್ಚಿನ ಕಡೆ ಕೆಂಪು ಕಮೋಡಿಗೆ, ಹಳದಿ ವಾಶ್‌ಬೇಸಿನ್ನಿಗೆ, ನೀಲಿ ಮೇಜು ಕುರ್ಚಿಗೆ. ಮೈಕ್ರೋಫೈಬರ್ ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತವೆ, ಪ್ರತಿ ಜಾಗಕ್ಕೂ ಹೊಸ ಮುಖ. ಅದನ್ನು ಫ್ಯಾಬ್ರಿಕ್ ಸಾಫ್ಟನರ್ ಹಾಕಿ ಒಗೆದರೆ ಎಳೆಗಳ ನಡುವೆ ಮೇಣದಂಥ ಪದರ ಕಟ್ಟಿ, ಧೂಳು ಹಿಡಿಯುವ ಗುಣವೇ ಹೋಗುತ್ತದೆ. ಹತ್ತಿ ಬಟ್ಟೆಯದು ಇನ್ನೊಂದು ತೊಂದರೆ. ಹೋಟೆಲುಗಳಲ್ಲಿ ಹೆಚ್ಚು ಬಳಸುವ ಕ್ವಾಟರ್ನರಿ ಅಮೋನಿಯಂ ಮಾದರಿಯ ಸೋಂಕುನಿವಾರಕವನ್ನು ಹತ್ತಿ ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಬಕೆಟ್ಟಿನಲ್ಲಿ ಸರಿಯಾಗಿ ಬೆರೆಸಿದ್ದರೂ ಮೇಜಿಗೆ ತಲುಪುವುದು ತೆಳು ನೀರು.

2012ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡ ಮೂರು ರಾಜ್ಯಗಳ ಒಂಬತ್ತು ರೂಮುಗಳಲ್ಲಿ ಮಾದರಿ ತೆಗೆದು ನೋಡಿತು. ಸಣ್ಣ ಅಧ್ಯಯನವೇ, ಆದರೆ ಫಲಿತಾಂಶ ಯೋಚಿಸುವಂಥದ್ದು. ಕಮೋಡು, ಸಿಂಕುಗಳ ಜೊತೆಗೆ ಟಿವಿ ರಿಮೋಟ್ ಮತ್ತು ಹಾಸಿಗೆಯ ಪಕ್ಕದ ದೀಪದ ಸ್ವಿಚ್‌ನಲ್ಲೂ ಬ್ಯಾಕ್ಟೀರಿಯಾ ಹೇರಳವಾಗಿತ್ತು. ಅದಕ್ಕಿಂತ ಕಳವಳದ ವಿಷಯ, ಟ್ರಾಲಿಯಲ್ಲಿದ್ದ ಸ್ಪಂಜು ಮತ್ತು ಮಾಪಿನಲ್ಲೂ ಅದು ಹೆಚ್ಚಿತ್ತು. ಅಂದರೆ ಒಂದು ರೂಮಿನ ಕೊಳೆ ಮುಂದಿನ ರೂಮಿಗೆ ಸವಾರಿ ಮಾಡುತ್ತಿತ್ತು.

ಕಣ್ಣಿಗೆ ಕಾಣದ್ದು ಎಂಥ ಅನಾಹುತ ಮಾಡಬಲ್ಲದು ಎಂಬುದು ಅದಕ್ಕೂ ಹಿಂದೆಯೇ ಗೊತ್ತಾಗಿತ್ತು. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಬೆಲ್ವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದ ನಂತರ 34 ಮಂದಿ ನ್ಯುಮೋನಿಯಾದಿಂದ ಸತ್ತರು. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾದದ್ದು ಮರುವರ್ಷ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಅದು ಬೆಳೆಯುತ್ತದೆ. ಹಾಗಾಗಿ ಬಿಸಿನೀರಿನ ಟ್ಯಾಂಕು 60 ಡಿಗ್ರಿಯಲ್ಲಿರಬೇಕು, ಖಾಲಿ ಬಿದ್ದ ರೂಮಿನ ನಲ್ಲಿ ಮತ್ತು ಶವರನ್ನು ವಾರಕ್ಕೊಮ್ಮೆಯಾದರೂ ಕೆಲವು ನಿಮಿಷ ಹರಿಸಬೇಕು. ಯಾರೂ ಇಳಿದುಕೊಳ್ಳದ ರೂಮಿಗೂ ಕೆಲಸವಿದೆ ಎಂಬುದು ಆಗಲೇ ಗೊತ್ತಾದದ್ದು. 2003ರ ಫೆಬ್ರುವರಿಯಲ್ಲಿ ಹಾಂಗ್‌ಕಾಂಗಿನ ಮೆಟ್ರೊಪೋಲ್ ಹೋಟೆಲಿನ ಒಂಬತ್ತನೇ ಮಹಡಿಯಲ್ಲಿ ತಂಗಿದ್ದ ಒಬ್ಬ ರೋಗಿಯಿಂದ ಸಾರ್ಸ್ ಎಂಬ ಉಸಿರಾಟದ ಸೋಂಕು ಹಲವು ದೇಶಗಳಿಗೆ ಹರಡಿತು. ವಾರಗಳ ನಂತರವೂ ಆ ಮಹಡಿಯ ಕಾರ್ಪೆಟ್ಟಿನಲ್ಲಿ ವೈರಾಣುವಿನ ಕುರುಹು ಸಿಕ್ಕಿತು.

ತಿಗಣೆಯ ಕಥೆ ಬೇರೆ. ಎರಡನೇ ಮಹಾಯುದ್ಧದ ನಂತರ ಡಿಡಿಟಿಯಿಂದ ಮುಗಿದೇಹೋಯಿತು ಎಂದುಕೊಂಡಿದ್ದ ಅದು 1990ರ ದಶಕದ ಕೊನೆಗೆ, ಕೀಟನಾಶಕಗಳನ್ನು ಜೀರ್ಣಿಸಿಕೊಂಡು, ಹಲವು ದೇಶಗಳ ಹೋಟೆಲುಗಳಿಗೆ ಮರಳಿತು. ಹಾಸಿಗೆಯ ಅಂಚಿನ ಹೊಲಿಗೆ, ತಲೆಹಲಗೆಯ ಹಿಂಬದಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಒದ್ದೆ ಬಟ್ಟೆಯಿಂದ ತಿಕ್ಕಿ ನೋಡಬೇಕು; ಶಾಯಿಯಂತೆ ಹರಡಿದರೆ ಅದು ತಿಗಣೆಯ ಹಿಕ್ಕೆ. ದೂರು ಕೊಟ್ಟ ಅತಿಥಿಯನ್ನು ಪಕ್ಕದ ರೂಮಿಗೆ ಕಳಿಸುವುದು ಅತಿ ಸಾಮಾನ್ಯವಾದ ತಪ್ಪು, ಏಕೆಂದರೆ ಗೋಡೆಯ ಬಿರುಕಿನಲ್ಲಿ ತಿಗಣೆ ಆಗಲೇ ಅಲ್ಲಿಗೂ ಹೋಗಿರಬಹುದು.

ಈಗ ಗಡಿಯಾರ ನೋಡೋಣ. ಎಂಟು ಗಂಟೆಯ ಪಾಳಿ ಎಂದರೆ 480 ನಿಮಿಷ. ಊಟಕ್ಕೆ 30, ಟ್ರಾಲಿ ತುಂಬಲು ಮತ್ತು ಖಾಲಿ ಮಾಡಲು 30 ತೆಗೆದರೆ 420. ಹದಿನಾಲ್ಕು ರೂಮಿಗೆ ಹಂಚಿದರೆ ತಲಾ 30 ನಿಮಿಷ, ಅದರಲ್ಲೇ ಲಿಫ್ಟಿಗೆ ಕಾಯುವುದೂ ಸೇರಿತು. 2020ರಲ್ಲಿ ಕೋವಿಡ್ ಬಂದಾಗ ದೊಡ್ಡ ಸರಪಳಿಗಳು ರಿಮೋಟು, ಸ್ವಿಚ್ಚು, ಹಿಡಿಕೆಗಳನ್ನೆಲ್ಲ ಪಟ್ಟಿಗೆ ಸೇರಿಸಿದವು, ಬಾಗಿಲಿಗೆ ಸ್ಟಿಕ್ಕರಿನ ಮುದ್ರೆ ಒತ್ತಿದವು. ಮೇಲ್ಮೈ ಮುಟ್ಟುವುದರಿಂದ ಸೋಂಕು ತಗಲುವ ಸಾಧ್ಯತೆ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಹೇಳಿದ ಮೇಲೆ ಮುದ್ರೆಗಳು ಮಾಯವಾದವು. ಉಳಿದದ್ದು ಅದೇ ಹೊತ್ತಿನಲ್ಲಿ ಬಂದ ಇನ್ನೊಂದು ಪದ್ಧತಿ: ಅತಿಥಿ ಕೇಳಿದರೆ ಮಾತ್ರ ನಡುವಿನ ದಿನಗಳಲ್ಲಿ ಶುಚಿಮಾಡುವುದು. ಅಮೆರಿಕದ ನೆವಾಡ ರಾಜ್ಯ ದಿನನಿತ್ಯದ ಶುಚಿಯನ್ನು 2020ರಲ್ಲಿ ಕಾನೂನಿನಿಂದ ಕಡ್ಡಾಯ ಮಾಡಿ 2023ರಲ್ಲಿ ಕೈಬಿಟ್ಟಿತು.

ಅತಿಥಿಗೆ ಇದರಿಂದ ಅಡಚಣೆ ಕಡಿಮೆ, ಹೋಟೆಲಿಗೆ ಕೂಲಿ ಉಳಿತಾಯ. ಆದರೆ ನಾಲ್ಕು ದಿನ ಯಾರೂ ಕೈಯಿಡದ ರೂಮು ಚೆಕ್‌ಔಟ್ ದಿನ ಹೇಗಿರುತ್ತದೆ ಎಂಬುದು ಬಾಗಿಲು ತೆಗೆದವರಿಗೇ ಗೊತ್ತು. ಕಸ ಬುಟ್ಟಿಯಿಂದ ಉಕ್ಕಿರುತ್ತದೆ, ಒದ್ದೆ ಟವೆಲು ಮೂಲೆಯಲ್ಲಿ ಮುಗ್ಗುತ್ತಿರುತ್ತದೆ, ಮೋರಿಯ ಜಾಲರಿಗೆ ಕೂದಲು ಸುತ್ತಿರುತ್ತದೆ. ಶವರಿನ ಗಾಜಿನ ಮೇಲೆ ಗಡಸು ನೀರಿನ ಸುಣ್ಣ ಮತ್ತು ಸೋಪು ಸೇರಿ ಕಟ್ಟಿದ ಪದರಕ್ಕೆ ಆಸಿಡ್ ಕ್ಲೀನರ್ ಹಚ್ಚಿ ಕಾಯಬೇಕು. ಪಕ್ಕದಲ್ಲಿ ಅಮೃತಶಿಲೆ ಇದ್ದರೆ ಆಸಿಡ್ ಅದರ ಹೊಳಪನ್ನೇ ತಿನ್ನುವುದರಿಂದ ಆ ದಾರಿಯೂ ಇಲ್ಲ, ಕೈಯಿಂದಲೇ ತಿಕ್ಕಬೇಕು. ಬೆಳಗಿನ ಹಾಳೆಯಲ್ಲಿ ಆ ರೂಮಿನ ಮುಂದೆ ಬರೆದಿರುವುದೂ 30 ನಿಮಿಷವೇ.